ಬೆಸುಗೆಗೆ ಮೊದಲು ತೇವದ ಲೆಕ್ಕ

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಬೋರ್ಡಿಗೆ ಬೆಸೆಯುವ ಮೊದಲು ತೇವದಿಂದ ಕಾಪಾಡುವುದು ಹೇಗೆ ಎಂಬುದು ನನ್ನ ಇಂದಿನ ವಿಷಯ. ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಓದುತ್ತಿರುವ ನಿಮ್ಮಲ್ಲಿ ಅನೇಕರು ನಾಳೆ ಬೆಂಗಳೂರು, ಮೈಸೂರಿನ ಕಾರ್ಖಾನೆಗಳಿಗೆ ಹೋಗುವವರು. ಕೆಲವರು ಊರಿನಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಡುವವರು. ಇಬ್ಬರಿಗೂ ಈ ತಿಳುವಳಿಕೆ ಬೇಕು.

ಐಸಿಯ ಕಪ್ಪು ಮೈ ಕಲ್ಲಿನಂತೆ ಗಟ್ಟಿಯಾಗಿ ಕಂಡರೂ ಅದು ಎಪಾಕ್ಸಿ ಎಂಬ ಪ್ಲಾಸ್ಟಿಕ್. ಮಳೆಗಾಲದಲ್ಲಿ ತೆರೆದಿಟ್ಟ ಹಪ್ಪಳದಂತೆ ಅದೂ ಗಾಳಿಯ ತೇವವನ್ನು ನಿಧಾನವಾಗಿ ಹೀರುತ್ತದೆ. ರಿಫ್ಲೋ ಓವನ್ನಿನಲ್ಲಿ ಬೋರ್ಡು ಕೆಲವೇ ನಿಮಿಷಗಳಲ್ಲಿ 240 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಕಾಯುತ್ತದೆ. ಒಳಗಿನ ತೇವ ಆವಿಯಾಗಿ, ಹೊರಬರಲು ದಾರಿ ಸಾಲದೆ ಒತ್ತಡ ಹಾಕುತ್ತದೆ. ಪದರಗಳು ಬಿಟ್ಟುಕೊಳ್ಳುತ್ತವೆ, ಕೂದಲೆಳೆಯಂತಹ ತಂತಿಗಳು ಕಿತ್ತುಹೋಗುತ್ತವೆ, ಒಮ್ಮೊಮ್ಮೆ ಮೈಯೇ ಸೀಳುತ್ತದೆ. ಇದಕ್ಕೆ ಕಾರ್ಖಾನೆಗಳಲ್ಲಿ ‘ಪಾಪ್‌ಕಾರ್ನ್’ ಎಂದೇ ಹೆಸರು.

ಹಳೆಯ ತವರ–ಸೀಸದ ಬೆಸುಗೆ 183 ಡಿಗ್ರಿಗೆ ಕರಗುತ್ತಿತ್ತು. ಯುರೋಪಿನಲ್ಲಿ 2006ರ ಜುಲೈ 1ರಿಂದ ಸೀಸಕ್ಕೆ ನಿರ್ಬಂಧ ಬಂದ ಮೇಲೆ ಹೆಚ್ಚಾಗಿ ಬಳಕೆಗೆ ಬಂದ ಸೀಸರಹಿತ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಶಾಖ ಏರಿದಷ್ಟೂ ತೇವದ ಅಪಾಯವೂ ಏರಿತು.

ಎಲ್ಲಕ್ಕಿಂತ ಕಷ್ಟದ ಸಂಗತಿ ಎಂದರೆ, ಒಳಗೆ ಬಿರುಕು ಬಿಟ್ಟ ಚಿಪ್ ಅಂದಿನ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಆರು ತಿಂಗಳ ನಂತರ ಗಿರಾಕಿಯ ಕೈಯಲ್ಲಿ ಅದು ಕೆಡುತ್ತದೆ. ಅದು ಆಸ್ಪತ್ರೆಯ ಉಪಕರಣವೋ ವಾಹನದ ಬ್ರೇಕಿನ ಸರ್ಕ್ಯೂಟೋ ಆಗಿದ್ದರೆ ಪರಿಣಾಮವನ್ನು ನೀವೇ ಊಹಿಸಿ.

ಆದ್ದರಿಂದಲೇ ಬಿಡಿಭಾಗಗಳಿಗೆ ಎಂಎಸ್‌ಎಲ್ ಎಂಬ ದರ್ಜೆ ಕೊಟ್ಟಿದ್ದಾರೆ. ಚೀಲ ಬಿಚ್ಚಿದ ಮೇಲೆ 30 ಡಿಗ್ರಿ ಉಷ್ಣತೆ, ಶೇ. 60 ಆರ್ದ್ರತೆ ಮೀರದ ಕೋಣೆಯಲ್ಲಿ ಎಷ್ಟು ಹೊತ್ತು ಇಡಬಹುದೆಂದು ಅದು ಹೇಳುತ್ತದೆ. ದರ್ಜೆ 2ಕ್ಕೆ ಒಂದು ವರ್ಷ, 2ಎಗೆ ನಾಲ್ಕು ವಾರ, 3ಕ್ಕೆ 168 ಗಂಟೆ, 4ಕ್ಕೆ 72, 5ಕ್ಕೆ 48, 5ಎಗೆ 24 ಗಂಟೆ. ದರ್ಜೆ 6ನ್ನು ಬಳಸುವ ಮೊದಲು ಬೇಯಿಸಿ ಒಣಗಿಸಲೇಬೇಕು. ದರ್ಜೆ 1ಕ್ಕೆ ಮಾತ್ರ ಇಂತಹ ಗಡುವಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಆರ್ದ್ರತೆ ಶೇ. 80 ದಾಟುವುದು ಸಾಮಾನ್ಯ. ಕಿಟಕಿ ತೆರೆದ ಕೋಣೆಯಲ್ಲಿ ಈ ಗಂಟೆಗಳನ್ನು ನಂಬಿ ಕೂರುವಂತಿಲ್ಲ.

ಈಗ ಮಾಡಬೇಕಾದ ಕೆಲಸ. ಚೀಲ ಬಿಚ್ಚುವ ಮೊದಲು ಅದರ ಮೇಲಿನ ದರ್ಜೆ ಮತ್ತು ಮುಚ್ಚಿದ ದಿನಾಂಕ ಓದಿ. ಚೀಲದಲ್ಲಿ ತೂತು ಇದೆಯೇ ನೋಡಿ. ಬಿಚ್ಚಿದ ಕೂಡಲೇ ಒಳಗಿನ ಸೂಚಕ ಕಾರ್ಡ್ ನೋಡಿ. ಅದರಲ್ಲಿ ಸಾಮಾನ್ಯವಾಗಿ 5, 10, 60 ಎಂಬ ಮೂರು ಚುಕ್ಕೆಗಳಿರುತ್ತವೆ. ತೇವ ತಗುಲಿದರೆ ಅವು ಬಣ್ಣ ಬದಲಿಸುತ್ತವೆ. ದರ್ಜೆ 3ರ ಭಾಗಕ್ಕೆ 5 ಮತ್ತು 10 ಎರಡೂ ಬದಲಾಗಿದ್ದರೆ ಒಣಗಿಸದೆ ಬಳಸಬೇಡಿ. ಬಿಚ್ಚಿದ ದಿನ, ಗಂಟೆಯನ್ನು ಚೀಲದ ಮೇಲೇ ಬರೆಯಿರಿ.

ಲೆಕ್ಕದಲ್ಲಿ ಹಲವರು ಇಲ್ಲಿಯೇ ತಪ್ಪುತ್ತಾರೆ. ಯಂತ್ರದ ಮೇಲಿದ್ದ ಹೊತ್ತನ್ನು ಮಾತ್ರ ಎಣಿಸುತ್ತಾರೆ. ಸೋಮವಾರ ಬೆಳಗ್ಗೆ ಬಿಚ್ಚಿದ ದರ್ಜೆ 3ರ ರೀಲು ಶನಿವಾರ ಬೆಳಗ್ಗೆಯವರೆಗೆ ಮೇಜಿನ ಮೇಲಿದ್ದರೆ 120 ಗಂಟೆ ಖರ್ಚಾಯಿತು. ಉಳಿದದ್ದು 48 ಮಾತ್ರ. ಬೋರ್ಡಿನ ಎರಡನೆಯ ಬದಿಯ ಬೆಸುಗೆಯೂ ಅಷ್ಟರೊಳಗೆ ಮುಗಿಯಬೇಕು. ಮಿಕ್ಕ ಭಾಗಗಳನ್ನು ಶೇ. 5ಕ್ಕಿಂತ ಹೆಚ್ಚು ಆರ್ದ್ರತೆ ಇರದ ಒಣ ಕಪಾಟಿನಲ್ಲಿಡಿ. ಬರೀ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ಸಾಲದು.

ಗಡುವು ಮೀರಿದರೆ ಒಣಗಿಸಬಹುದು. ಶಾಖ ತಡೆಯುವ ಟ್ರೇಯಲ್ಲಿದ್ದರೆ 125 ಡಿಗ್ರಿಯಲ್ಲಿ, ದಪ್ಪ ಮತ್ತು ದರ್ಜೆಗೆ ತಕ್ಕಂತೆ ಕೆಲವು ಗಂಟೆಯಿಂದ ಎರಡು ದಿನದವರೆಗೆ. ಪ್ಲಾಸ್ಟಿಕ್ ರೀಲು, ಕೊಳವೆಗಳು ಅಷ್ಟು ಶಾಖ ತಡೆಯವು. ಅವುಗಳಲ್ಲಿದ್ದರೆ ಒಣಗಾಳಿಯಲ್ಲಿ 40 ಡಿಗ್ರಿ. ಅದಕ್ಕೆ ದಿನಗಳು, ಕೆಲವೊಮ್ಮೆ ವಾರಗಳೇ ಬೇಕು. ಮತ್ತೆ ಮತ್ತೆ ಬೇಯಿಸಿದರೆ ಕಾಲುಗಳಿಗೆ ಕಿಲುಬು ಹಿಡಿದು ಬೆಸುಗೆ ಕೂರುವುದಿಲ್ಲ. ಹೆಚ್ಚಿನ ಶಾಖದ ಒಣಗಿಸುವಿಕೆ ಒಟ್ಟು 96 ಗಂಟೆ ಮೀರಬಾರದೆಂಬುದು ನಿಯಮ.

ಬಿಡಿಯಾಗಿ ಕೊಂಡು ತಂದ ಚಿಪ್‌ಗೆ ಚೀಲವಿಲ್ಲ, ಚೀಟಿಯಿಲ್ಲ ಎಂದಾದರೆ ಅದರ ಗಡುವು ಮುಗಿದಿದೆ ಎಂದೇ ತಿಳಿಯಿರಿ. ಸೋಲ್ಡರಿಂಗ್ ಐರನ್‌ನಿಂದ ಕಾಲುಗಳನ್ನಷ್ಟೇ ಬೆಸೆದರೆ ಮೈ ಅಷ್ಟು ಕಾಯದು, ಅಪಾಯ ಕಡಿಮೆ. ಆದರೆ ಬಿಸಿಗಾಳಿ ಯಂತ್ರ ಹಿಡಿಯುವ ರಿಪೇರಿಯವರು ಎಚ್ಚರದಿಂದಿರಬೇಕು. ನೀವು ಕೀಳುವ ಚಿಪ್ ಮಾತ್ರವಲ್ಲ, ಪಕ್ಕದ ಒಳ್ಳೆಯ ಚಿಪ್ ಕೂಡ ಹಾಳಾಗಬಹುದು. ಬ್ಯಾಟರಿ, ಡಿಸ್‌ಪ್ಲೇ ತೆಗೆದು, ಬೋರ್ಡನ್ನು ಕಡಿಮೆ ಶಾಖದಲ್ಲಿ ಸಾವಕಾಶವಾಗಿ ಒಣಗಿಸಿ, ನಂತರ ಕೈಹಾಕಿ.

ಮಿತ್ರರೆ, ಇಲ್ಲಿ ದೊಡ್ಡ ಯಂತ್ರಕ್ಕಿಂತ ಮೊದಲು ಬೇಕಾದದ್ದು ಒಂದು ಪೆನ್ನು, ಒಂದು ಗಡಿಯಾರ, ಮತ್ತು ಇದ್ದದ್ದನ್ನು ಇದ್ದಂತೆ ಬರೆಯುವ ಮನಸ್ಸು. ಸುಳ್ಳು ಸಮಯ ಬರೆದರೆ ಮೇಲ್ವಿಚಾರಕರಿಗೆ ಗೊತ್ತಾಗದೆ ಹೋಗಬಹುದು, ಚಿಪ್ ಮಾತ್ರ ತಾನು ಹೀರಿದಷ್ಟನ್ನು ಹೀರಿಯೇ ಇರುತ್ತದೆ. ನಿಮ್ಮನ್ನು ನೋಡದವರು ನಿಮ್ಮ ಕೆಲಸವನ್ನು ನಂಬಿ ಬಳಸುತ್ತಾರೆ. ಆ ನಂಬಿಕೆಗೆ ತಕ್ಕ ಕೆಲಸಗಾರರು ನೀವಾಗಿರಿ ಎಂದು ಹಾರೈಸುತ್ತ ನನ್ನ ಮಾತು ಮುಗಿಸುತ್ತೇನೆ.