ಹಾಲಿಯನ್ನು ಮಾಜಿ ಮಾಡುವ ಬೆರಳು

2023ರ ಮೇ 13ರಂದು ರಾಜ್ಯ ವಿಧಾನಸಭಾ ಚುನಾವಣೆಯ ಉಳಿದೆಲ್ಲ ಕ್ಷೇತ್ರಗಳ ಫಲಿತಾಂಶ ಹೊರಬಿದ್ದು, ಗೆದ್ದವರ ಪಟಾಕಿ ಸದ್ದೂ ಅಡಗಿದ ಮೇಲೆ, ಬೆಂಗಳೂರಿನ ಜಯನಗರದ ಎಣಿಕೆ ಕೇಂದ್ರದಲ್ಲಿ ಮಾತ್ರ ದೀಪ ಆರಿರಲಿಲ್ಲ. ಒಮ್ಮೆ ಎಣಿಸಿದ್ದನ್ನು ಮತ್ತೆ ಎಣಿಸಿದರು. ತಿರಸ್ಕೃತವಾಗಿದ್ದ ಅಂಚೆ ಮತಗಳನ್ನು ಮತ್ತೆ ತೆಗೆದು ನೋಡಿದರು. ಒಳಗೆ ವಾದ, ಹೊರಗೆ ಕಾರ್ಯಕರ್ತರ ಕೂಗು, ಮಧ್ಯೆ ಪೊಲೀಸರು. ಕೊನೆಗೆ ಬಂದ ಲೆಕ್ಕ 57,797 ಮತ್ತು 57,781. ಸಿ.ಕೆ. ರಾಮಮೂರ್ತಿ ಗೆದ್ದರು, ಹಾಲಿ ಶಾಸಕಿ ಸೌಮ್ಯಾ ರೆಡ್ಡಿ ಸೋತರು. ಅಂತರ 16. ಒಂದು ಟೆಂಪೊ ಟ್ರಾವೆಲರ್‌ನಲ್ಲಿ ಕೂರುವಷ್ಟು ಜನ!

ಮತದಾನದ ದಿನ ರಾಜ್ಯದ ಒಟ್ಟು ಲೆಕ್ಕ ಶೇ 73 ದಾಟಿದ್ದರೂ ಬೆಂಗಳೂರು ನಗರ ಶೇ 54ರ ಆಸುಪಾಸಿನಲ್ಲೇ ನಿಂತಿತ್ತು. ರಜೆ ಸಿಕ್ಕಿತೆಂದು ಪ್ರವಾಸಕ್ಕೆ ಹೋದವರೆಷ್ಟು? ಸಾಲು ಉದ್ದ ಇದೆಯೆಂದು ಬೈಕ್ ತಿರುಗಿಸಿದವರೆಷ್ಟು? ನನ್ನೊಬ್ಬನ ಮತದಿಂದ ಏನಾಗುತ್ತೆ ಎಂದು ಮಂಚ ಬಿಟ್ಟೇಳದವರೆಷ್ಟು? ಆ ಹದಿನಾರು ಮಂದಿ ಅವರ ನಡುವೆಯೇ ಇದ್ದರು. ಅವರು ಈ ಅಭ್ಯರ್ಥಿಗೆ ಹಾಕುತ್ತಿದ್ದರೋ ಆ ಅಭ್ಯರ್ಥಿಗೋ, ಅದಲ್ಲ ಮಾತು. ತೀರ್ಮಾನ ಅವರ ಕೈಯಲ್ಲಿತ್ತು. ಅವರು ಬರಲಿಲ್ಲ.

ಇನ್ನೂ ಬೇಕೇ? 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಸೋತ ಎ.ಆರ್. ಕೃಷ್ಣಮೂರ್ತಿಯವರ ಕಾರು ಚಾಲಕನಿಗೇ ಅಂದು ಮತ ಹಾಕಲು ಆಗಲಿಲ್ಲವಂತೆ ಎಂಬ ಮಾತು ಚಾಮರಾಜನಗರದ ಕಡೆ ಇಂದಿಗೂ ಓಡಾಡುತ್ತದೆ. ಅದೇ ಕೃಷ್ಣಮೂರ್ತಿ ಹತ್ತೊಂಬತ್ತು ವರ್ಷದ ಮೇಲೆ, 2023ರಲ್ಲಿ, ಕೊಳ್ಳೇಗಾಲದ ಹಾಲಿ ಶಾಸಕ ಎನ್. ಮಹೇಶ್ ಅವರನ್ನು 59 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಒಂದು ಮತಕ್ಕೆ ಮಣ್ಣು ಮುಕ್ಕಿಸಿದ ಜನವೇ ಅರವತ್ತು ಸಾವಿರದ ಹತ್ತಿರ ಹೊತ್ತು ತಂದರು. ಜನ ಅಂದರೆ ಇದು.

ನಮ್ಮ ನಾಡಿಗೆ ಕುರ್ಚಿಯ ಭಯ ಎಂದೂ ಇರಲಿಲ್ಲ. 1983ರಲ್ಲಿ ಅಧಿಕಾರದಲ್ಲಿದ್ದ ಮುಖ್ಯಮಂತ್ರಿ ಆರ್. ಗುಂಡೂರಾವ್ ಅವರನ್ನು ಸೋಮವಾರಪೇಟೆಯ ಜನ ಮನೆಗೆ ಕಳಿಸಿದರು. (ನಲವತ್ತು ವರ್ಷ ಕಳೆದು ಅವರ ಮಗ ದಿನೇಶ್ ಗುಂಡೂರಾವ್ ಗಾಂಧಿನಗರದಲ್ಲಿ 105 ಮತಗಳಿಂದ ಉಳಿದುಕೊಂಡರು, ಮತದಾರ ಆ ಮನೆಗೆ ಲೆಕ್ಕ ಕಲಿಸುವುದನ್ನು ಬಿಟ್ಟಿಲ್ಲ.) 2018ರಲ್ಲಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರನ್ನು ಚಾಮುಂಡೇಶ್ವರಿ ಕ್ಷೇತ್ರ 36 ಸಾವಿರ ಮತಗಳಿಂದ ಸೋಲಿಸಿತು, ಬಾದಾಮಿ ಕೈಹಿಡಿದದ್ದರಿಂದ ಅವರು ಸದನಕ್ಕೆ ಬಂದರು. 2023ರಲ್ಲಿ ಸಭಾಧ್ಯಕ್ಷರಾಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿ ಶಿರಸಿಯಲ್ಲಿ, ಸಚಿವರಾಗಿದ್ದ ಶ್ರೀರಾಮುಲು ಬಳ್ಳಾರಿ ಗ್ರಾಮೀಣದಲ್ಲಿ, ಗೋವಿಂದ ಕಾರಜೋಳ ಮುಧೋಳದಲ್ಲಿ, ಮಾಧುಸ್ವಾಮಿ ಚಿಕ್ಕನಾಯಕನಹಳ್ಳಿಯಲ್ಲಿ, ಡಾ. ಸುಧಾಕರ್ ಚಿಕ್ಕಬಳ್ಳಾಪುರದಲ್ಲಿ, ಹೀಗೆ ಹತ್ತಕ್ಕೂ ಹೆಚ್ಚು ಸಚಿವರು ಒಂದೇ ದಿನ ಮಾಜಿಗಳಾದರು. 2018ರಲ್ಲಿ ಕಾಂಗ್ರೆಸ್ 122 ಸ್ಥಾನಗಳಿಂದ 80ಕ್ಕೆ ಕುಸಿದದ್ದೂ, 2023ರಲ್ಲಿ ಬಿಜೆಪಿ 104ರಿಂದ 66ಕ್ಕೆ ಇಳಿದದ್ದೂ, ಜೆಡಿಎಸ್ 37ರಿಂದ 19ಕ್ಕೆ ಬಂದದ್ದೂ ಇದೇ ಜನರ ಕೈಯಲ್ಲಿ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಪಕ್ಷ ಮರಳಿ ಗೆದ್ದದ್ದೇ ಕೊನೆ. ಅಲ್ಲಿಂದ 2023ರವರೆಗೆ ಯಾವ ಆಡಳಿತ ಪಕ್ಷಕ್ಕೂ ಕರ್ನಾಟಕ ಬೆನ್ನುಬೆನ್ನಿಗೆ ಗೆಲುವು ಕೊಟ್ಟಿಲ್ಲ.

ಎದೆಯುಬ್ಬಿಸುವ ಚರಿತ್ರೆ, ಅಲ್ಲವೇ?

ಹಾಗಾದರೆ ಒಂದು ಪ್ರಶ್ನೆ. ಇಷ್ಟು ಸಲ ಸೋಲಿಸಿಯೂ ನಮ್ಮೂರಿನ ಬಸ್‌ಸ್ಟ್ಯಾಂಡಿಗೆ ಹೋಗುವ ರಸ್ತೆ ಯಾಕೆ ಹಾಗೇ ಇದೆ? ಗುದ್ದಲಿ ಪೂಜೆಯ ಕಲ್ಲು ಮಾತ್ರ ಹೊಸದು, ಹೆಸರು ಮಾತ್ರ ಬೇರೆ, ನಲ್ಲಿಯಲ್ಲಿ ನೀರು ಬರುವುದು ಮಾತ್ರ ಅದೇ ವಾರಕ್ಕೊಮ್ಮೆ. ಯಾಕೆ? ಸೋಲಿಸುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ, ಕೇಳುವುದನ್ನು ಕಲಿತಿಲ್ಲ. ಐದು ವರ್ಷ ಹಲ್ಲುಕಚ್ಚಿ ಸಹಿಸುತ್ತೇವೆ, ಒಂದು ದಿನ ಸಿಟ್ಟು ತೀರಿಸಿಕೊಳ್ಳುತ್ತೇವೆ, ಮರುದಿನ ಹೊಸಬರಿಗೆ ಸೇಬಿನ ಹಾರ ಹಾಕಿ ಮತ್ತೆ ಸುಮ್ಮನಾಗುತ್ತೇವೆ. ನಿಜ ಹೇಳಬೇಕೆಂದರೆ ಸೋತವರೆಲ್ಲ ಕೆಟ್ಟವರೂ ಅಲ್ಲ. ಸದನದಲ್ಲಿ ಓದಿಕೊಂಡು ಬಂದು ಮಾತಾಡುತ್ತಿದ್ದವರು ಅಲೆಗೆ ಕೊಚ್ಚಿಹೋಗಿದ್ದಾರೆ; ಬಾಯೇ ಬಿಡದವರು ಜಾತಿ ಮತ್ತು ದುಡ್ಡಿನ ಬಲದಿಂದ ದಡ ಸೇರಿದ್ದಾರೆ. ಲೆಕ್ಕ ಗೊತ್ತಿಲ್ಲದೆ ಕೊಟ್ಟ ತೀರ್ಪು ಯಾರನ್ನು ತಾನೇ ತಿದ್ದೀತು?

ಯುವ ಗೆಳೆಯರೇ, ಆ ಲೆಕ್ಕ ಹಿಡಿಯುವವರು ನೀವು. ನೀವೇ ಆಗಬೇಕು. ನಮ್ಮ ಅಪ್ಪ ಅಮ್ಮಂದಿರಿಗೆ ಇಲ್ಲದಿದ್ದ ಸಾಧನ ನಿಮ್ಮ ಜೇಬಿನಲ್ಲಿದೆ, ಅವರಿಗೆ ಸಿಗದಿದ್ದ ಓದು ನಿಮಗೆ ಸಿಕ್ಕಿದೆ, ಅವರು ಸಾಹೇಬರ ಮುಂದೆ ಕೈಕಟ್ಟಿ ನಿಂತ ಕಡೆ ನೀವು ಕುರ್ಚಿ ಎಳೆದುಕೊಂಡು ಕೂರಬಲ್ಲಿರಿ. ನಿಮ್ಮ ಶಾಸಕರಿಗೆ ಕ್ಷೇತ್ರಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ 2 ಕೋಟಿ ರೂಪಾಯಿ ಇದೆ, ಗೊತ್ತೇ? ಯಾವ ಊರಿನ ಯಾವ ಕಾಮಗಾರಿಗೆ ಎಷ್ಟು ಹೋಯಿತೆಂದು ತಿಳಿಯಲು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಸಾಕು. ಚಹಾದ ದುಡ್ಡು! ಅಭ್ಯರ್ಥಿಯ ಆಸ್ತಿ, ಸಾಲ, ಮೇಲಿರುವ ಪ್ರಕರಣಗಳು ಎಲ್ಲವೂ ನಾಮಪತ್ರದ ಪ್ರಮಾಣಪತ್ರದಲ್ಲಿವೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಕ್ರಿಕೆಟ್ ಆಟಗಾರನ ಸರಾಸರಿಯನ್ನು ಬಾಯಿಪಾಠ ಹೇಳುವ ನೀವು ನಿಮ್ಮ ಶಾಸಕ ಸದನದಲ್ಲಿ ಕೇಳಿದ ಒಂದು ಪ್ರಶ್ನೆಯನ್ನು ಹೇಳಬಲ್ಲಿರಾ?

ಹೇಳಲಾಗದಿದ್ದರೆ ಇಂದೇ ಶುರುಮಾಡಿ. ಹದಿನೆಂಟು ತುಂಬಿದ್ದರೆ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಹದಿನೇಳು ತುಂಬಿದ್ದರೂ ನಮೂನೆ 6ರಲ್ಲಿ ಮುಂಗಡ ಅರ್ಜಿ ಕೊಡಬಹುದು. ಈಗ ಜನವರಿ 1ಕ್ಕೇ ಕಾಯಬೇಕಿಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಅರ್ಹತಾ ದಿನಗಳು. ಇಡೀ ದೇಶದ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನಿಂದ ಹೋಗುತ್ತದೆ. ನಮ್ಮದೇ ಬೆರಳು ಬರಿದಾಗಿದ್ದರೆ ಹೇಗೆ?

ಮತ ಹಾಕಿ ಮುಗಿಸಿಬಿಡಬೇಡಿ. ಇಪ್ಪತ್ತೊಂದಕ್ಕೆ ನೀವು ಗ್ರಾಮ ಪಂಚಾಯಿತಿಗೆ ನಿಲ್ಲಬಹುದು, ಇಪ್ಪತ್ತೈದಕ್ಕೆ ವಿಧಾನಸಭೆಗೆ. ನಿಲ್ಲಿ! ಹಳೆಯವರು ಸೋತಾಗ ಖಾಲಿಯಾಗುವ ಜಾಗಕ್ಕೆ ಅವರದೇ ಮಗ, ಅಳಿಯ, ಗುತ್ತಿಗೆದಾರ ಬಂದು ಕೂರುವುದನ್ನು ನಾವು ಇನ್ನೆಷ್ಟು ದಿನ ಬದಲಾವಣೆ ಎಂದು ಕರೆಯೋಣ? ಪ್ರಶ್ನೆ ಕೇಳಿ ಕೇಳಿ ಪಳಗಿದ ಒಂದು ತಲೆಮಾರು ಹಳ್ಳಿಹಳ್ಳಿಯಲ್ಲಿ, ವಾರ್ಡುವಾರ್ಡಿನಲ್ಲಿ ಎದ್ದು ನಿಂತರೆ, ಚುನಾವಣೆ ದಿನ ಸೀರೆ ಕುಕ್ಕರ್ ಹಂಚಲು ಬಂದವನಿಗೆ ಕಾಮಗಾರಿಯ ಪಟ್ಟಿ ತೋರಿಸಿ ಲೆಕ್ಕ ಕೊಡು ಎಂದರೆ, ಆ ಮಾತು ವಿಧಾನಸೌಧಕ್ಕೆ ಕೇಳಿಸುತ್ತದೆ.

2028ರ ವಿಧಾನಸಭಾ ಚುನಾವಣೆಯಲ್ಲಿ 2009ರಲ್ಲಿ ಹುಟ್ಟಿದ ಹುಡುಗ ಹುಡುಗಿಯರೂ ಸಾಲಿನಲ್ಲಿ ನಿಲ್ಲುತ್ತಾರೆ. ಅಲ್ಲಿಯವರೆಗೆ ಕಾಯಬೇಡಿ. ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವತ್ತು ಎಂದು ನಾಳೆಯೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ, ದಿನಾಂಕ ಬರೆದುಕೊಳ್ಳಿ, ನಾಲ್ವರು ಗೆಳೆಯರನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿ.