ಮರುಗುವ ಮನಸ್ಸಿಗೆ ಅರಿವಿನ ಬಲ ಬೇಕು
(ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆಯು ಎಂಜಿನಿಯರಿಂಗ್, ಮೆಡಿಕಲ್, ಬಿ.ಕಾಂ ಎಂಬ ಮೂರು ಮಾತುಗಳಲ್ಲಿ ಮುಗಿದು ಹೋಗುತ್ತದೆ. ಅದೇ ಮನೆಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ಗಾಝಾದ ಬಗ್ಗೆ, ಕೊಲ್ಲಿ ರಾಷ್ಟ್ರಗಳ ವೀಸಾ ನಿಯಮಗಳ ಬಗ್ಗೆ, ಅಮೆರಿಕದ ಧೋರಣೆಯ ಬಗ್ಗೆ ಬಿಸಿ ಬಿಸಿ ಮಾತು ನಡೆಯುತ್ತದೆ. ಲೋಕದ ಆಗುಹೋಗುಗಳಿಗೆ ಇಷ್ಟೊಂದು ಮರುಗುವ ನಾವು, ಅವುಗಳನ್ನೇ ಶಾಸ್ತ್ರೀಯವಾಗಿ ಕಲಿಸುವ ವಿಷಯವೊಂದು ವಿಶ್ವವಿದ್ಯಾನಿಲಯಗಳಲ್ಲಿದೆ ಎಂಬುದನ್ನು ಮಕ್ಕಳಿಗೆ ತಿಳಿಸುವುದಿಲ್ಲ. ಆ ವಿಷಯದ ಹೆಸರು ಅಂತಾರಾಷ್ಟ್ರೀಯ ಸಂಬಂಧಗಳು.

ಈ ಅಧ್ಯಯನ ಹುಟ್ಟಿದ್ದೇ ನೋವಿನಿಂದ. ಪ್ರಥಮ ಮಹಾಯುದ್ಧದ ಸಾವುನೋವನ್ನು ಕಂಡ ಡೇವಿಡ್ ಡೇವೀಸ್ ಎಂಬವರು ತಮ್ಮ ಸಹೋದರಿಯರೊಂದಿಗೆ ಸೇರಿ ಹಣ ನೀಡಿದರು. 1919ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಅಂತಾರಾಷ್ಟ್ರೀಯ ರಾಜಕೀಯಕ್ಕೆಂದೇ ಜಗತ್ತಿನ ಮೊತ್ತಮೊದಲ ಪ್ರಾಧ್ಯಾಪಕ ಪೀಠ ಸ್ಥಾಪನೆಯಾಯಿತು. ಮುಂದೆ ಅದೇ ಪೀಠವನ್ನು ಅಲಂಕರಿಸಿದ ಇ.ಎಚ್. ಕಾರ್, ಕೇವಲ ಸದಾಶಯದಿಂದ ಯುದ್ಧ ನಿಲ್ಲದು, ರಾಷ್ಟ್ರಗಳ ಬಲಾಬಲವನ್ನೂ ಹಿತಾಸಕ್ತಿಯನ್ನೂ ಅರಿಯಬೇಕು ಎಂದು 1939ರ ತಮ್ಮ ಕೃತಿಯಲ್ಲಿ ವಾದಿಸಿದರು. ನಮ್ಮ ದೇಶದಲ್ಲಿ 1955ರಲ್ಲಿ ದಿಲ್ಲಿಯಲ್ಲಿ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಆರಂಭವಾಯಿತು. 1970ರಲ್ಲಿ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ವಿಲೀನಗೊಂಡಿತು.

ಈ ವಿದ್ಯೆಯಿಂದ ಪ್ರಯೋಜನವೇನು ಎಂದು ಹೆತ್ತವರು ಕೇಳುವುದು ಸಹಜ. ಒಂದು ಉದಾಹರಣೆಯನ್ನು ನೋಡೋಣ. 2017ರ ಎಪ್ರಿಲ್‌ನಲ್ಲಿ ಪಾಕಿಸ್ತಾನದ ಸೇನಾ ನ್ಯಾಯಾಲಯವು ಭಾರತೀಯ ಪ್ರಜೆ ಕುಲಭೂಷಣ್ ಜಾಧವ್‌ರಿಗೆ ಮರಣದಂಡನೆ ವಿಧಿಸಿತು. ಮರು ತಿಂಗಳಲ್ಲೇ ಭಾರತವು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿತು. ಭಾರತದ ಕೈಯಲ್ಲಿದ್ದ ಅಸ್ತ್ರ ದೂತಾವಾಸ ಸಂಬಂಧಗಳ ಕುರಿತಾದ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ಪರದೇಶದಲ್ಲಿ ಬಂಧಿತನಾದವನಿಗೆ ತನ್ನ ದೂತಾವಾಸವನ್ನು ಸಂಪರ್ಕಿಸುವ ಹಕ್ಕಿದೆ ಎಂದು ಆ ವಿಧಿ ಹೇಳುತ್ತದೆ. 2019ರ ಜುಲೈ 17ರಂದು ಸೊಮಾಲಿಯಾದ ಅಬ್ದುಲ್‌ಖವಿ ಅಹ್ಮದ್ ಯೂಸುಫ್‌ರ ಅಧ್ಯಕ್ಷತೆಯ ನ್ಯಾಯಪೀಠವು 15-1ರ ಬಹುಮತದಿಂದ, ಈ ಹಕ್ಕನ್ನು ಪಾಕಿಸ್ತಾನ ಉಲ್ಲಂಘಿಸಿದೆ ಎಂದು ತೀರ್ಪಿತ್ತಿತು. ಬಿಡುಗಡೆಗೆ ಆದೇಶವಾಗದಿದ್ದರೂ ಶಿಕ್ಷೆಯನ್ನು ಪರಿಣಾಮಕಾರಿಯಾಗಿ ಮರುಪರಿಶೀಲಿಸಬೇಕೆಂದೂ, ಅಲ್ಲಿಯವರೆಗೆ ಗಲ್ಲಿಗೇರಿಸಕೂಡದೆಂದೂ ನ್ಯಾಯಾಲಯ ಹೇಳಿತು.

ಇದು ದೊಡ್ಡವರ ವಿಷಯವೆಂದು ನಾವು ಭಾವಿಸಬಾರದು. ಸೌದಿ ಅರೇಬಿಯಾ, ಯುಎಇ ಮತ್ತು ಕುವೈತ್ ಕೂಡ ಇದೇ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು. ಅಲ್ಲಿ ಯಾವುದೋ ಪ್ರಕರಣದಲ್ಲಿ ಸಿಲುಕಿದ ನಮ್ಮೂರಿನ ಚಾಲಕನಿಗೂ ಅಂಗಡಿಯ ಕೆಲಸದ ಹುಡುಗನಿಗೂ ಆ 36ನೇ ವಿಧಿ ಅನ್ವಯಿಸುತ್ತದೆ. ಆದರೆ ಅದನ್ನು ಬಲ್ಲವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ ಇದ್ದಾರೆ? ಮಗನ ಸುದ್ದಿಯಿಲ್ಲದೆ ಕಂಗೆಟ್ಟ ತಾಯಿಗೆ ಸಾಂತ್ವನ ಹೇಳುವವರು ನೂರು ಮಂದಿ ಸಿಗುತ್ತಾರೆ. ದೂತಾವಾಸಕ್ಕೆ ಸರಿಯಾದ ಅರ್ಜಿ ಬರೆದುಕೊಡುವವರು ಒಬ್ಬರು ಸಿಗುವುದೂ ದುರ್ಲಭ.

ಗಾಝಾದ ವಿಷಯದಲ್ಲೂ ಇದೇ ಪಾಠವಿದೆ. ಜಗತ್ತೆಲ್ಲ ಕಣ್ಣೀರಿಡುತ್ತಿದ್ದಾಗ ದಕ್ಷಿಣ ಆಫ್ರಿಕವು 2023ರ ಡಿಸೆಂಬರ್ 29ರಂದು 1948ರ ನರಮೇಧ ವಿರೋಧಿ ಒಪ್ಪಂದದ ಆಧಾರದಲ್ಲಿ ಇಸ್ರೇಲ್‌ನ ವಿರುದ್ಧ 84 ಪುಟಗಳ ಅರ್ಜಿ ಸಲ್ಲಿಸಿತು. 2024ರ ಜನವರಿ 26ರಂದು ನ್ಯಾಯಾಲಯ ಮಧ್ಯಂತರ ಆದೇಶಗಳನ್ನು ಹೊರಡಿಸಿತು. ಆದೇಶದಿಂದ ಯುದ್ಧ ನಿಲ್ಲಲಿಲ್ಲ ಎಂಬುದು ನಿಜ. ನ್ಯಾಯಾಲಯಕ್ಕೆ ಸ್ವಂತ ಸೇನೆಯಿಲ್ಲ. ಅದರ ತೀರ್ಪಿಗೆ ಬಲ ನೀಡಬೇಕಾದ ಭದ್ರತಾ ಮಂಡಳಿಯಲ್ಲಿ ಐದು ರಾಷ್ಟ್ರಗಳಿಗೆ ವಿಟೋ ಅಧಿಕಾರವಿದೆ. ಏನು ಸಾಧ್ಯ, ಏನು ಅಸಾಧ್ಯ, ಏಕೆ ಅಸಾಧ್ಯ ಎಂಬುದನ್ನು ಅರಿಯುವುದೇ ಈ ಅಧ್ಯಯನದ ತಿರುಳು. ಅದನ್ನು ಅರಿಯದವನು ಒಂದೋ ವದಂತಿಗಳನ್ನು ನಂಬುತ್ತಾನೆ, ಇಲ್ಲವೇ ಹತಾಶನಾಗುತ್ತಾನೆ.

ಕಲಿಯುವುದೆಲ್ಲಿ? ದಿಲ್ಲಿಯ ಜೆಎನ್‌ಯು ಮತ್ತು ಜಾಮಿಯಾ ಮಿಲ್ಲಿಯಾದಲ್ಲಿ ಪಶ್ಚಿಮ ಏಷ್ಯಾಕ್ಕೆಂದೇ ಅಧ್ಯಯನ ಕೇಂದ್ರಗಳಿವೆ. ನಮ್ಮ ಕರಾವಳಿಯ ಮಣಿಪಾಲದಲ್ಲಿಯೂ ಈ ವಿಷಯಕ್ಕೆ ವಿಭಾಗವಿದೆ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧಗಳು ಐಚ್ಛಿಕ ವಿಷಯವಾಗಿದೆ. ಯಾವ ಪದವೀಧರನೂ ಆ ಪರೀಕ್ಷೆ ಬರೆಯಬಹುದು. 1961ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಹಾಮಿದ್ ಅನ್ಸಾರಿಯವರು ಹಲವು ದೇಶಗಳಲ್ಲಿ ರಾಯಭಾರಿಯಾಗಿ, ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ ದುಡಿದು ಕೊನೆಗೆ ಉಪರಾಷ್ಟ್ರಪತಿಯಾದರು.

ಹೆಣ್ಮಕ್ಕಳ ಹೆತ್ತವರಿಗೂ ಒಂದು ಮಾತು. ವಿದೇಶಾಂಗ ಸೇವೆಗೆ ಸೇರಿದ ಪ್ರಥಮ ಮಹಿಳೆ ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ. ಮದುವೆಯಾಗಲು ಮಹಿಳಾ ಅಧಿಕಾರಿ ಸರಕಾರದ ಅನುಮತಿ ಪಡೆಯಬೇಕೆಂಬ ನಿಯಮವನ್ನು ಅವರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1979ರ ತೀರ್ಪಿನಲ್ಲಿ ನ್ಯಾಯಾಲಯ ಇಂತಹ ತಾರತಮ್ಯವನ್ನು ಕಟುವಾಗಿ ಟೀಕಿಸಿತು.

ಅರಬಿಯು 1973ರಿಂದ ವಿಶ್ವಸಂಸ್ಥೆಯ ಮಹಾಸಭೆಯ ಅಧಿಕೃತ ಭಾಷೆಗಳಲ್ಲೊಂದು. ಬಾಲ್ಯದಲ್ಲೇ ಅದರ ಅಕ್ಷರ ಕಲಿತ ನಮ್ಮ ಮಕ್ಕಳು ಇನ್ನಷ್ಟು ಶ್ರಮವಹಿಸಿ, ಪತ್ರಿಕೆ ಓದುವ, ಕರಾರುಪತ್ರ ಅರ್ಥೈಸುವ ಮಟ್ಟಕ್ಕೆ ಏರಬೇಕು. ಆಗ ಅದು ಈ ಕ್ಷೇತ್ರದಲ್ಲಿ ಅವರ ದೊಡ್ಡ ಬಂಡವಾಳವಾದೀತು.

ಆದರೆ ಪದವಿ ಕೈಗೆ ಬಂದ ಮರುದಿನವೇ ರಾಯಭಾರಿಯ ಹುದ್ದೆ ಕಾದಿರುವುದಿಲ್ಲ. ಸ್ಥಾನಗಳು ಕಡಿಮೆ, ಪೈಪೋಟಿ ತೀವ್ರ. ಆದುದರಿಂದ ಇದರ ಜೊತೆಗೆ ಕಾನೂನನ್ನೋ ಅರ್ಥಶಾಸ್ತ್ರವನ್ನೋ ಪತ್ರಿಕೋದ್ಯಮವನ್ನೋ ಕಲಿಯುವುದು ವಿವೇಕ. ಪ್ರತಿ ಊರಿನಿಂದಲೂ ಹತ್ತಾರು ಮಕ್ಕಳು ಈ ದಾರಿ ಹಿಡಿಯಬೇಕೆಂದು ನಾವು ಹೇಳುತ್ತಿಲ್ಲ. ಆಸಕ್ತಿಯಿರುವ ಒಬ್ಬ ಹುಡುಗ, ಒಬ್ಬ ಹುಡುಗಿ ಮುಂದೆ ಬಂದಾಗ, ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಗದರಿಸಿ ಕೂರಿಸದೆ, ಪುಸ್ತಕ ಕೊಡಿಸಿ, ಶುಲ್ಕ ಕಟ್ಟಿ ಕಳುಹಿಸಿರಿ. ನಾಳೆ ನಾಡಿಗೂ ಸಮುದಾಯಕ್ಕೂ ಅವರ ಅರಿವು ಒದಗಿ ಬರಲಿದೆ ಎಂಬ ಆಶಯದೊಂದಿಗೆ ಮಾತು ಮುಗಿಸುತ್ತೇವೆ.