ಮಿದುಳಿಗೆ ಮೂರು ಪ್ರಶ್ನೆ

ಮಕ್ಕಳೇ, ಕನ್ನಡಕ ಎಲ್ಲಿಟ್ಟೆ ಎಂದು ಅಜ್ಜ ಹುಡುಕುವುದು ಕಾಯಿಲೆಯಲ್ಲ. ವಯಸ್ಸಾದಂತೆ ಅಷ್ಟು ಮರೆವು ಸಹಜ. ಆದರೆ ಈಗಷ್ಟೇ ಊಟ ಮಾಡಿದ್ದು, ದಿನವೂ ಓಡಾಡುವ ದಾರಿ, ಮನೆಯವರ ಹೆಸರು ಎಲ್ಲವೂ ಮರೆಯತೊಡಗಿದರೆ ಅದು ಅಲ್‌ಝೈಮರ್ ಕಾಯಿಲೆ ಇರಬಹುದು.

ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಆಗುಸ್ಟೆ ಡೇಟರ್ ಎಂಬ ಮಹಿಳೆಯನ್ನು ಪರೀಕ್ಷಿಸಿದರು. ಗಂಡನ ಹೆಸರು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ವೈದ್ಯರು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ನಡುವೆ ಗಂಟುಗಳು, ಒಳಗೆ ಸಿಕ್ಕುಗಟ್ಟಿದ ಎಳೆಗಳು! ಆ ಗಂಟು ಅಮೈಲಾಯ್ಡ್ ಎಂಬ ಪ್ರೋಟೀನಿನದು, ಸಿಕ್ಕು ಟಾವ್ ಎಂಬ ಪ್ರೋಟೀನಿನದು ಎಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಬದುಕಿರುವವರ ಮಿದುಳಿನೊಳಗೆ ಇಣುಕಲು ಆಗ ದಾರಿಯಿರಲಿಲ್ಲ. ಈಗ ಹಲವು ದಾರಿಗಳಿವೆ. ಒಂದೊಂದೂ ಮಿದುಳಿಗೆ ಒಂದೊಂದು ಪ್ರಶ್ನೆ ಕೇಳುತ್ತದೆ.

ಮೊದಲ ಪ್ರಶ್ನೆ: "ನಿನ್ನ ಆಕಾರ ಹೇಗಿದೆ?" ಸಿ.ಟಿ. ಸ್ಕ್ಯಾನ್ ಸುತ್ತಲಿಂದ ಎಕ್ಸ್-ರೇ ಹಾಯಿಸಿ ಬೇಗನೆ ಚಿತ್ರ ಕೊಡುತ್ತದೆ. ರಕ್ತಸ್ರಾವವೋ ಗಡ್ಡೆಯೋ ಮರೆವಿಗೆ ಕಾರಣವಾಗಿದ್ದರೆ ಗೊತ್ತಾಗುತ್ತದೆ. ಎಂ.ಆರ್.ಐ.ನಲ್ಲಿ ಎಕ್ಸ್-ರೇ ಇಲ್ಲ. ಬಲವಾದ ಅಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ ಇನ್ನೂ ಸ್ಪಷ್ಟವಾದ ಚಿತ್ರ ಬರುತ್ತದೆ. ಯಂತ್ರ ಟಕಟಕ ಸದ್ದು ಮಾಡುತ್ತದೆ, ನೋವಾಗುವುದಿಲ್ಲ. ಹೊಸ ನೆನಪುಗಳನ್ನು ಕೂಡಿಡಲು ನೆರವಾಗುವ ಹಿಪೊಕ್ಯಾಂಪಸ್ ಎಂಬ ಭಾಗ ಕುಗ್ಗಿದೆಯೇ ಎಂದು ವೈದ್ಯರು ಅದರಲ್ಲಿ ನೋಡುತ್ತಾರೆ.

ಎರಡನೆಯ ಪ್ರಶ್ನೆ: "ನೀನು ಕೆಲಸ ಮಾಡುತ್ತಿದ್ದೀಯಾ?" ಮಿದುಳಿನ ತೂಕ ನಮ್ಮ ಮೈತೂಕದಲ್ಲಿ ಸುಮಾರು ಶೇಕಡಾ 2; ಆದರೆ ಅದು ಬಳಸುವ ಶಕ್ತಿ ಸುಮಾರು ಶೇಕಡಾ 20! ಆ ಶಕ್ತಿಗೆ ಗ್ಲೂಕೋಸ್ ಬೇಕು. ಪೆಟ್ ಸ್ಕ್ಯಾನ್‌ನಲ್ಲಿ ಗ್ಲೂಕೋಸಿನಂಥದೇ ವಸ್ತುವಿಗೆ ಸ್ವಲ್ಪ ವಿಕಿರಣ ಸೂಸುವ ಪರಮಾಣುವನ್ನು ಜೋಡಿಸಿ ರಕ್ತಕ್ಕೆ ಕೊಡುತ್ತಾರೆ. ದುಡಿಯುವ ಭಾಗ ಅದನ್ನು ಹೆಚ್ಚು ಹೀರಿ ಚಿತ್ರದಲ್ಲಿ ಹೊಳೆಯುತ್ತದೆ, ಸೋತ ಭಾಗ ಮಂಕಾಗಿ ಕಾಣುತ್ತದೆ. ಆ ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಹೋಗುತ್ತದೆ.

ಮೂರನೆಯ ಪ್ರಶ್ನೆ: "ನಿನ್ನಲ್ಲಿ ಏನು ಸೇರಿಕೊಂಡಿದೆ?" ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಅಮೈಲಾಯ್ಡ್‌ಗೆ ಅಂಟಿಕೊಳ್ಳುವ ವಸ್ತುವೊಂದನ್ನು ರೂಪಿಸಿದರು. 2002ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಲ್ಲಿ ಬಳಸಿದರು. ಬದುಕಿರುವವರ ಮಿದುಳಿನಲ್ಲೇ ಅಮೈಲಾಯ್ಡ್ ಗಂಟುಗಳು ಪೆಟ್ ಚಿತ್ರದಲ್ಲಿ ಕಂಡವು! ಮರೆವು ಶುರುವಾಗುವುದಕ್ಕೆ ಹತ್ತಾರು ವರ್ಷ ಮೊದಲೇ ಅಮೈಲಾಯ್ಡ್ ಸೇರತೊಡಗುತ್ತದೆ ಎಂಬುದೂ ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ಯಾವುದು ಮೇಲು? ಎಂ.ಆರ್.ಐ. ಹೆಚ್ಚು ಕಡೆ ಸಿಗುತ್ತದೆ. ಆದರೆ ಮಿದುಳು ಕುಗ್ಗಲು ಬೇರೆ ಕಾರಣಗಳೂ ಇರಬಹುದು. ಅಮೈಲಾಯ್ಡ್ ಪೆಟ್ ಗಂಟುಗಳನ್ನೇ ತೋರಿಸುತ್ತದೆ. ಆದರೆ ಅದು ದುಬಾರಿ, ಜೊತೆಗೆ ಗಂಟುಗಳಿದ್ದೂ ನೆನಪು ಚೆನ್ನಾಗಿರುವ ಹಿರಿಯರಿದ್ದಾರೆ. ಆದ್ದರಿಂದ ವೈದ್ಯರು ಒಂದೇ ಚಿತ್ರವನ್ನು ನಂಬಿ ತೀರ್ಮಾನಿಸುವುದಿಲ್ಲ. ರೋಗಿಯೊಡನೆ ಮಾತಾಡಿ, ಮನೆಯವರನ್ನು ಕೇಳಿ, ನೆನಪಿನ ಪರೀಕ್ಷೆ ಮಾಡಿ, ಎಲ್ಲವನ್ನೂ ಕೂಡಿಸಿ ನೋಡುತ್ತಾರೆ.

ಈ ಚಿತ್ರಗಳು ನಮಗೂ ಒಂದು ವಿಷಯ ಕಲಿಸುತ್ತವೆ. ಈ ಕಾಯಿಲೆ ಇರುವ ಅಜ್ಜಿ ಕೇಳಿದ್ದನ್ನೇ ಕೇಳುವುದು ಹಟದಿಂದಲ್ಲ. ಉತ್ತರವನ್ನು ಹಿಡಿದಿಡಬೇಕಾದ ಜೀವಕೋಶಗಳೇ ನಲುಗಿವೆ. ಹತ್ತನೆಯ ಸಲ ಕೇಳಿದಾಗಲೂ ಮೊದಲ ಸಲದಷ್ಟೇ ಪ್ರೀತಿಯಿಂದ ಉತ್ತರ ಹೇಳಿ.